ಮೊಣಕಾಲಿನ ಮೇಲಿನ ನೀರು

ನಮ್ಮ ಊರಿನ ಹೆಂಗಸರು ಹೊಳೆ ದಾಟಬೇಕಾದರೆ ಜೊತೆಗೆ ಮನೆಯ ಗಂಡಸೊಬ್ಬ ಇರಬೇಕು. ಗಂಡ, ಅಪ್ಪ, ಅಣ್ಣ, ತಮ್ಮ, ಮಗ, ಮೈದುನ, ಯಾರಾದರೂ ಸರಿ. ಒಬ್ಬಳೇ ಸೇತುವೆಗೆ ಕಾಲಿಟ್ಟರೆ ನೀರು ಏರುತ್ತದೆ. ಎರಡು ಹೆಜ್ಜೆಗೆ ಪಾದ ಮುಳುಗುತ್ತದೆ, ಇಪ್ಪತ್ತು ಹೆಜ್ಜೆಗೆ ಮೊಣಕಾಲು. ಮೊಣಕಾಲು ಮುಟ್ಟಿತೋ, ತಿರುಗಿ ಬಂದುಬಿಡಬೇಕು. ನಮ್ಮ ಅವ್ವಂದಿರು ಅವರ ಅವ್ವಂದಿರಿಂದ ಕಲಿತದ್ದು ಅಷ್ಟು. ತಿರುಗಿದ ಮರುಗಳಿಗೆಯೇ ನೀರು ಇಳಿದು ಸೇತುವೆಯ ಚಪ್ಪಡಿಗಳು ಬಿಸಿಲಿಗೆ ಒಣಗತೊಡಗುತ್ತವೆ. ಬೇಸಿಗೆ, ಮಳೆಗಾಲ ಅಂತಿಲ್ಲ. ಒಮ್ಮೆ ಸರ್ಕಾರದವರು ಬಂದು ಸೇತುವೆಯನ್ನು ಐದು ಅಡಿ ಎತ್ತರಿಸಿ ಕಟ್ಟಿದರು. ನೀರೂ ಐದು ಅಡಿ ಹೆಚ್ಚು ಏರುವುದನ್ನು ಕಲಿಯಿತು.

ಮನೆಗಳೆಲ್ಲ ಈ ದಡದಲ್ಲಿ. ಆಸ್ಪತ್ರೆ, ಹೈಸ್ಕೂಲು, ಪೊಲೀಸ್ ಠಾಣೆ, ಸಂತೆಮಾಳ, ಬಸ್‌ಸ್ಟ್ಯಾಂಡು ಆ ದಡದಲ್ಲಿ. ಹಾಗಾಗಿ ನಮ್ಮಲ್ಲಿ ಮದುಮಗಳಿಗೆ ಹರಸುವಾಗ ‘ದಾಟಿಸುವವನು ಹುಟ್ಟಲಿ’ ಎನ್ನುತ್ತಾರೆ. ಮೂರು ತಿಂಗಳ ಗಂಡುಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂತೆಗೆ ಹೊರಟ ತಾಯಂದಿರನ್ನು ನೋಡಿದ್ದೇನೆ. ಕುಡಿದು ಮೈಮೇಲೆ ಎಚ್ಚರವಿಲ್ಲದ ಗಂಡನನ್ನು ಎತ್ತಿನ ಗಾಡಿಗೆ ಹಾಕಿಕೊಂಡು, ಅವನ ಪಕ್ಕದಲ್ಲೇ ಈರುಳ್ಳಿ ಚೀಲ ಇಟ್ಟುಕೊಂಡು ಹೋದವರನ್ನೂ ನೋಡಿದ್ದೇನೆ. ಆಂಬುಲೆನ್ಸ್ ಬಂದರೂ ಒಳಗೆ ಮನೆ ಗಂಡಸು ಕೂತಿದ್ದಾನೋ ಇಲ್ಲವೋ ನೋಡಿಯೇ ಡ್ರೈವರ್ ಗಾಡಿ ಬಿಡುತ್ತಿದ್ದ. ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಹಿಂದೆ ಯಾರೋ ಒಬ್ಬಳು ಮೊಣಕಾಲು ಮುಟ್ಟಿದ ಮೇಲೂ ಮುಂದೆ ಹೋಗಿ ಕೊಚ್ಚಿಕೊಂಡು ಹೋದಳಂತೆ ಎಂದು ಹೇಳುತ್ತಿದ್ದರು. ಯಾವ ಮನೆಯವಳು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ನಾನು ವನಮಾಲ. ಟೀಚರ್ ತರಬೇತಿ ಮುಗಿಸಿದವಳು. ಮದುವೆಯಾಗಿ ಎರಡು ವರ್ಷಕ್ಕೆ ಆ ದಡದ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ನನ್ನ ಗಂಡ ತಿಪ್ಪೇಶನದು ನಮ್ಮ ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ. ಕೆಟ್ಟ ಮನುಷ್ಯ ಎಂದು ಯಾರೂ ಅನ್ನುತ್ತಿರಲಿಲ್ಲ. ಮುದುಕಿಯರ ರಾಗಿಚೀಲವನ್ನು ತಾನೇ ಎತ್ತಿ ಮನೆತನಕ ಮುಟ್ಟಿಸುವವನು, ಹುಬ್ಬಿನ ಮೇಲೆ ಹಿಟ್ಟು ಕೂತ ಮುಖದಲ್ಲಿ ನಗುವವನು. ಮೊದಲ ತಿಂಗಳು ಸ್ಕೂಟರಿನಲ್ಲಿ ನನ್ನನ್ನು ಶಾಲೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುವುದೆಂದರೆ ಅವನಿಗೆ ಹೆಮ್ಮೆ. ಎದುರು ಸಿಕ್ಕವರಿಗೆಲ್ಲ ‘ನಮ್ಮ ಮೇಡಂ’ ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ಎದುರು ಮಾತಾಡಿದೆ. ಆ ಸಂಜೆ ಅವನು ಬರಲಿಲ್ಲ. ಆ ದಡದಲ್ಲಿ ಕಾಯುವ ಹೆಂಗಸರಿಗೆಂದೇ ಒಂದು ಕಟ್ಟೆಯಿದೆ, ಕೂತು ಕೂತು ಕಲ್ಲು ನುಣುಪಾಗಿದೆ. ಒಬ್ಬೊಬ್ಬರನ್ನೇ ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಕೊನೆಗೆ ನಾನೊಬ್ಬಳೇ, ತೊಡೆಯ ಮೇಲೆ ಟಿಫನ್ ಬಾಕ್ಸು. ನಮ್ಮ ಮನೆಯ ದೀಪ ಹತ್ತಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಏಳೂವರೆಗೆ ಬಂದ. ಏನೂ ಬೈಯಲಿಲ್ಲ. ‘ಹತ್ತು’ ಎಂದ, ಅಷ್ಟೆ. ಆಮೇಲೆ ಅದೇ ರೂಢಿಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಅರ್ಧ ತಾಸು, ತವರಿಗೆ ಫೋನು ಮಾಡಿದರೆ ಒಂದು ತಾಸು. ಹೊಡೆಯುವ ಅಗತ್ಯವೇ ಬೀಳಲಿಲ್ಲ. ಮಗಳು ಬಿಂದು ಹೊಟ್ಟೆಯಲ್ಲಿದ್ದಾಗ ಒಂದು ದಿನ ಆ ಕಟ್ಟೆಯ ಮೇಲೆ ತಲೆ ತಿರುಗಿ ಬಿದ್ದೆ. ಮರುದಿನ ಕೆಲಸ ಬಿಟ್ಟೆ.

ಮನೆಯಲ್ಲಿ ನಾವು ಮೂವರು, ಬಿಂದು ಹುಟ್ಟಿದ ಮೇಲೆ ನಾಲ್ವರು. ಮೂರನೆಯವರು ನಮ್ಮತ್ತೆ ಹಾಲಮ್ಮ. ನನ್ನ ಭುಜದವರೆಗೂ ಬಾರದ ಕುಳ್ಳ ಹೆಂಗಸು. ತೋಳು ಮಾತ್ರ ಗಂಡಾಳಿನಂಥವು. ಮಂಡಕ್ಕಿ ಹುರಿದು ಹುರಿದು ಹಾಗಾಗಿದ್ದವು. ಮಾವ ಹೋದಾಗ ತಿಪ್ಪೇಶನಿಗೆ ಎಂಟು ವರ್ಷ. ಅಂದಿನಿಂದ ಪ್ರತಿ ಸಂತೆಯ ದಿನ ಅವನು ಶಾಲೆ ತಪ್ಪಿಸಿ, ಅವ್ವನ ಬೆರಳು ಹಿಡಿದು, ಮಂಡಕ್ಕಿ ಗಾಡಿಯ ಜೊತೆ ಸೇತುವೆ ದಾಟಿಸಿದವನು. ಏಳನೆಯ ಕ್ಲಾಸಿಗೆ ಅವನ ಓದು ನಿಂತಿತು. ಅತ್ತೆ ಅದನ್ನು ಮರೆತವರಲ್ಲ. ‘ನನ್ನ ಮಗ ಪಾಟಿ ಬಿಟ್ಟು ನನ್ನ ದಾಟಿಸ್ದ’ ಎನ್ನುವರು. ಮಗನ ಮಾತಿಗೆ ಅವರು ಒಲ್ಲೆ ಎಂದದ್ದನ್ನು ನಾನು ಕೇಳಿರಲಿಲ್ಲ. ಸಂಜೆ ನಾನು ಆ ಕಟ್ಟೆಯ ಮೇಲೆ ಕೂತಿರುತ್ತಿದ್ದಾಗ ಇವರು ಮನೆಯಲ್ಲಿ ದೀಪ ಹಚ್ಚಿ ಸುಮ್ಮನೆ ಕೂತಿರುತ್ತಿದ್ದರು. ಅದಕ್ಕಾಗಿ ಎಷ್ಟೋ ದಿನ ಒಳಗೊಳಗೇ ಶಾಪ ಹಾಕಿದ್ದೇನೆ.

ಬಿಂದುವಿಗೆ ಐದು ತುಂಬುವ ಹೊತ್ತಿಗೆ ನಾನು ಮತ್ತೆ ಬಸುರಾದೆ. ಅತ್ತೆ ಮುಚ್ಚುಮರೆ ಇಲ್ಲದೆ ಹೇಳಿದರು:

‘ನನಗೇನು ಹೆಣ್ಣು ಬ್ಯಾಡ ಅಂತಲ್ಲ ಕಣವ್ವ. ಬಿಂದು ನನ್ನ ಕಣ್ಣು. ಆದ್ರೆ ನಾಳೆ ತಿಪ್ಪೇಶಂಗೆ ಒಂದು ಹೋಗಿ ಒಂದಾದ್ರೆ ನಿನ್ನ ದಾಟಿಸೋರು ಯಾರು? ಈ ದಡದಾಗೇ ಕೊಳಿತೀಯ. ನಾನು ಉಂಡಿದೀನಿ ಆ ಕಷ್ಟ. ಗಂಡಾಗ್ಲಿ ಅಂತ ಕೇಳ್ಕೊ.’

ಕೇಳಿಕೊಂಡೆ. ಸುಳ್ಳು ಯಾಕೆ ಹೇಳಲಿ, ನಾನೂ ಕೇಳಿಕೊಂಡೆ.

ನಾಲ್ಕು ತಿಂಗಳು ತುಂಬಿದ ವಾರ ತಿಪ್ಪೇಶ ಒಂದು ಗುರುವಾರ ಬೆಳಿಗ್ಗೆ ‘ಸೀರೆ ಉಟ್ಕೊ, ಡಾಕ್ಟ್ರಿಗೆ ತೋರಿಸ್ಕೊಂಡು ಬರಾಣ’ ಎಂದ. ಎಷ್ಟೋ ದಿನಗಳ ಮೇಲೆ ಅವನಾಗಿಯೇ ಕರೆದಿದ್ದ. ಖುಷಿಯಿಂದ ಹೊರಟೆ. ಸ್ಕೂಟರು ಸರ್ಕಾರಿ ಆಸ್ಪತ್ರೆಯನ್ನು ದಾಟಿ, ಔಷಧಿ ಅಂಗಡಿಯೊಂದರ ಹಿಂದಿನ ಬೋರ್ಡಿಲ್ಲದ ಮನೆಯ ಮುಂದೆ ನಿಂತಿತು. ಒಳಗೆ ಪರದೆ ಎಳೆದ ಕೋಣೆ, ಒಂದು ಮಂಚ, ಮೆಷಿನ್ನು. ಡಾಕ್ಟರು ನನ್ನ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ನೋಡಿದ. ಬಾಯಿಬಿಟ್ಟು ಒಂದು ಮಾತಾಡಲಿಲ್ಲ. ಮೇಜಿನ ಮೇಲೆ ಎರಡು ಪೆನ್ನಿದ್ದವು. ಕೆಂಪನ್ನು ತೆಗೆದುಕೊಂಡು ಚೀಟಿಯಲ್ಲಿ ‘ಸೋಮವಾರ, ಹತ್ತು ಗಂಟೆ’ ಎಂದು ಬರೆದು ತಿಪ್ಪೇಶನ ಕೈಗೆ ಕೊಟ್ಟ.

ಬರುವಾಗ ತಿಪ್ಪೇಶ ಸ್ಕೂಟರನ್ನು ಎಲ್ಲೂ ನಿಲ್ಲಿಸಲಿಲ್ಲ. ಮನೆಗೆ ಬಂದವನೇ ಚೀಟಿಯನ್ನು ಅವ್ವನ ಮುಂದಿಟ್ಟ. ‘ಕೆಂಪು’ ಎಂದ. ಅತ್ತೆಗೆ ಓದು ಬಾರದು, ಬಣ್ಣ ಕಾಣುತ್ತಿತ್ತು. ಅವರು ಹಣೆ ಒತ್ತಿಕೊಂಡು ಒಳಗೆ ಹೋದರು. ಕೆಂಪೆಂದರೆ ಹೆಣ್ಣು, ಸೋಮವಾರವೆಂದರೆ ಏನು ಎಂದು ನನಗೆ ಅರ್ಥವಾದದ್ದು ಆಗ.

‘ನಾನು ಬರಲ್ಲ’ ಎಂದೆ.

ಗುರುವಾರ ಅವನು ನಕ್ಕ. ಶುಕ್ರವಾರ ಪಕ್ಕದಲ್ಲಿ ಕೂತು ತಲೆ ನೇವರಿಸಿ, ಮುಂದಿನ ಸಲ ಗಂಡೇ ಆಗುತ್ತೆ, ನಿನಗೂ ಬಿಡುಗಡೆ, ಮತ್ತೆ ಶಾಲೆಗೆ ಬಿಡ್ತೀನಿ ಬೇಕಾದ್ರೆ ಎಂದ. ಅತ್ತೆಯೂ ಹತ್ತಿರ ಬಂದು, ‘ಒಂದು ದಿನದ ನೋವು ಕಣವ್ವ’ ಎಂದರು. ನಾನು ಅವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಶನಿವಾರ ಮಧ್ಯಾಹ್ನ ತಿಪ್ಪೇಶ ಊಟಕ್ಕೆ ಬಂದ. ಬಿಂದು ಪಕ್ಕದ ಮನೆಯ ಶಕುಂತಲಕ್ಕನ ಅಂಗಳದಲ್ಲಿ ಆಡುತ್ತಿದ್ದಳು. ‘ಸೋಮವಾರ ಬೆಳಿಗ್ಗೆ ಏನೂ ತಿನ್ನಬಾರದಂತೆ’ ಎಂದು ಅವನು ಕೈ ತೊಳೆಯುತ್ತ ಹೇಳಿದ, ಪೇಟೆಯಿಂದ ಏನೋ ತರಲು ಹೇಳುವ ಧಾಟಿಯಲ್ಲಿ.

‘ನಾನು ಆ ಸೇತುವೆ ಮೇಲೆ ಕಾಲಿಡಲ್ಲ. ನೀವು ಎತ್ತಿಕೊಂಡು ಹೋದ್ರೂ ಆ ಮನೆ ಬಾಗಿಲಲ್ಲಿ ಕೂಗ್ತೀನಿ. ಠಾಣೆಗೆ ಕೇಳೋ ಹಂಗೆ ಕೂಗ್ತೀನಿ.’

ಅವನು ಒದ್ದ. ಒಂದೇ ಸಲ, ಸೊಂಟಕ್ಕೆ. ನಾನು ಮಂಡಕ್ಕಿ ಹುರಿಯುವ ಒಲೆಯ ಕಟ್ಟೆಗೆ ಹೊಟ್ಟೆ ಬಡಿದು ಬಿದ್ದೆ. ಅತ್ತೆ ಬಾಣಲೆ ಬಿಟ್ಟು ಓಡಿಬಂದು ನನ್ನನ್ನು ನಡುಮನೆಗೆ ಎಳೆದು ಚಾಪೆಯ ಮೇಲೆ ಮಲಗಿಸಿದರು. ಸ್ವಲ್ಪ ಹೊತ್ತಿಗೆ ತೊಡೆಗಳ ನಡುವೆ ಬೆಚ್ಚಗಾಯಿತು. ಅತ್ತೆ ಸೀರೆ ಸರಿಸಿ ನೋಡಿ ಎದ್ದು ನಿಂತರು.

‘ತಿಪ್ಪೇಶ, ಗಾಡಿ ತೆಗಿ. ರಕ್ತ ಹೊಂಟೈತೆ. ದೊಡ್ಡಾಸ್ಪತ್ರೆಗೆ ಹೋಗಾಣ.’

ಅವನು ಮಣೆ ಎಳೆದುಕೊಂಡು ಕೂತಿದ್ದ. ಅವನ ಮುಖ ಬಿಳಿಚಿತ್ತು, ನಾನು ನೋಡಿದೆ. ಹೆದರಿದ್ದ. ಹೆದರಿದವನು ಎದ್ದುಬರಬಹುದಿತ್ತು. ‘ದೊಡ್ಡಾಸ್ಪತ್ರೆಗೆ ಹೋದ್ರೆ ಹೆಂಗಾಯ್ತು ಅಂತ ಕೇಳ್ತಾರೆ’ ಎಂದ. ಆಮೇಲೆ ತುಸು ತಡೆದು, ‘ತಾನಾಗೇ ಹೋದ್ರೆ ಒಳ್ಳೇದೇ ಆಯ್ತಲ್ಲ. ಸೋಮವಾರದ್ದು ತಪ್ತು. ಮುದ್ದೆ ಹಾಕು’ ಎಂದ.

ಅತ್ತೆ ಮುದ್ದೆ ಹಾಕಿದರು. ಅವನು ಉಂಡ. ನಾನು ಮಲಗಿದ್ದಲ್ಲಿಂದ ಅವನ ಬೆನ್ನು, ಏಳುತ್ತ ಇಳಿಯುತ್ತ ಇದ್ದ ಮೊಣಕೈ ಕಾಣುತ್ತಿದ್ದವು. ಸಾರು ಕೇಳಿದ, ಬಡಿಸಿದರು. ಇನ್ನೊಂದು ಸೌಟು ಕೇಳಿದ. ಅತ್ತೆ ಸೌಟು ಹಿಡಿದು ಅವನ ಮುಂದೆ ಎಷ್ಟು ಹೊತ್ತು ನಿಂತರೆಂದರೆ, ಅವನು ತಲೆಯೆತ್ತಿ ‘ಏನವ್ವ?’ ಎಂದ. ‘ಏನಿಲ್ಲ’ ಎಂದು ಬಡಿಸಿದರು. ಅವನು ಕೈ ತೊಳೆದು, ‘ಬಾಗಿಲು ಹಾಕ್ಕೊಳ್ರಿ, ಯಾರನ್ನೂ ಕರೀಬ್ಯಾಡ್ರಿ’ ಎಂದು ಗಿರಣಿಗೆ ಹೋದ.

ಅತ್ತೆ ನನ್ನ ಹತ್ತಿರ ಬಂದು ಕೂತರು. ಬಟ್ಟೆ ಬದಲಿಸಿದರು. ಅದೂ ನೆನೆಯಿತು. ಅವರು ನನ್ನ ಕಡೆ ನೋಡದೆ, ಅವನು ಉಂಡ ತಟ್ಟೆಯನ್ನೇ ನೋಡುತ್ತಿದ್ದರು.

‘ಇನ್ನೊಂದು ಸೌಟು ಕೇಳ್ದ’ ಎಂದರು ತಮ್ಮಷ್ಟಕ್ಕೇ.

ಎದ್ದು ಹೊರಗೆ ಹೋದರು. ನನ್ನ ಮೈದುನ ರುದ್ರೇಶ, ತಿಪ್ಪೇಶನ ಚಿಕ್ಕಪ್ಪನ ಮಗ, ಮೂರನೆಯ ಮನೆಯಲ್ಲಿದ್ದ. ಅವನು ಬಂದರೂ ನೀರು ಏರುತ್ತಿರಲಿಲ್ಲ. ಅವನ ಬಾಗಿಲಲ್ಲಿ ಅತ್ತೆಯ ದನಿ ನನಗೆ ಕೇಳುತ್ತಿತ್ತು. ‘ಕೈ ಮುಗಿತೀನಿ ಕಣೋ. ಬರೀ ಜೊತೆಗೆ ನಡಿ, ಏನೂ ಮಾತಾಡಬ್ಯಾಡ.’ ರುದ್ರೇಶನ ದನಿ ಮೆತ್ತಗಿತ್ತು. ‘ಅಣ್ಣನ್ನ ಒಂದು ಮಾತು ಕೇಳ್ದೆ ಹೆಂಗೆ ಬರ್ಲಿ ದೊಡ್ಡವ್ವ? ನಾಳೆ ನನಗೂ ಅವನಿಗೂ ಮುಖ ಮುರಿದು ಹೋಗುತ್ತೆ.’

ಅವರು ಒಬ್ಬರೇ ವಾಪಸು ಬಂದರು. ಗಾಡಿಯಿಂದ ಮಂಡಕ್ಕಿ ಚೀಲಗಳನ್ನು ಕೆಳಗೆ ಎಸೆದ ಸದ್ದಾಯಿತು. ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು.

‘ಏಳು.’

‘ಯಾರು ಬರ್ತಾರೆ ಅತ್ತೆ?’

‘ಯಾರೂ ಬರಲ್ಲ. ಏಳು.’

ತಳ್ಳುಗಾಡಿಯ ಹಲಗೆಯ ಮೇಲೆ ನನ್ನನ್ನು ಮಲಗಿಸಿ, ಕೌದಿ ಹೊದಿಸಿ, ಓಣಿಯಲ್ಲಿ ತಳ್ಳಿಕೊಂಡು ಹೊರಟರು. ಶಕುಂತಲಕ್ಕ ಬಿಂದುವಿನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಸೇತುವೆ ಬಾಯಿಯ ಚಾ ಅಂಗಡಿಯ ಮುಂದೆ ಏಳೆಂಟು ಗಂಡಸರಿದ್ದರು. ಗಾಡಿ ನಿಲ್ಲದೆ ಸೇತುವೆಗೆ ಇಳಿದದ್ದನ್ನು ನೋಡಿ ಎಲ್ಲರೂ ಎದ್ದರು. ‘ಹಾಲಮ್ಮಾ, ಗಂಡಸು ಎಲ್ಲಿ?’ ಎಂದು ಯಾರೋ ಕೂಗಿದರು. ಇನ್ನೊಬ್ಬರು ಆಗಲೇ ಫೋನು ತೆಗೆದು ಗಿರಣಿಗೆ ಹಚ್ಚುತ್ತಿದ್ದರು.

ನೀರು ಬಂತು. ಅದು ಅಬ್ಬರಿಸಿ ಬರುವುದಿಲ್ಲ. ಹಾಲು ಉಕ್ಕುವಂತೆ ಸದ್ದಿಲ್ಲದೆ ಎರಡೂ ಕಡೆಯಿಂದ ಚಪ್ಪಡಿಯ ಮೇಲೆ ಬರುತ್ತದೆ. ಗಾಡಿಯ ಚಕ್ರ ನೀರು ಕತ್ತರಿಸುವ ಸದ್ದು ನನ್ನ ಕಿವಿಯ ಕೆಳಗೇ ಇತ್ತು. ಇಪ್ಪತ್ತು ಹೆಜ್ಜೆಯಾಯಿತು. ಅತ್ತೆಯ ಸೀರೆ ಮೊಣಕಾಲಿನ ಮೇಲೆ ತೇಲತೊಡಗಿತು. ಹಿಂದಿನಿಂದ ‘ತಿರುಗು, ತಿರುಗು’ ಎಂದು ಕೂಗು. ಅವರು ತಿರುಗಲಿಲ್ಲ. ನನ್ನ ಜೀವಮಾನದಲ್ಲಿ ಆ ಗೆರೆ ದಾಟಿದ ಹೆಂಗಸನ್ನು ನಾನು ನೋಡಿರಲಿಲ್ಲ. ಅವರೂ ನೋಡಿರಲಿಲ್ಲ.

ನೀರು ಹಲಗೆ ಮುಟ್ಟಿದಾಗ ಗಾಡಿ ವಾಲಿತು. ‘ಇಳಿ’ ಎಂದರು. ಇಳಿದೆ. ನನಗೆ ತೊಡೆಯವರೆಗೆ, ಅವರಿಗೆ ಸೊಂಟದವರೆಗೆ ನೀರು. ಸೇತುವೆಯ ಅಂಚಿನುದ್ದಕ್ಕೂ ನೆಟ್ಟ ಗಿಡ್ಡ ಕಲ್ಲುಕಂಬಗಳಿದ್ದವು. ನೀರೊಳಗೆ ಕಾಲಿನಿಂದ ಅವನ್ನು ತಡವಿ ಒಂದೊಂದೇ ಕಂಬ ಮುಂದೆ ಹೋದೆವು. ಹಿಂದೆ ಗಾಡಿ ತೇಲಿ, ತಿರುಗಿ, ಸೇತುವೆಯಿಂದ ಆಚೆ ಜಾರಿತು. ಮೂವತ್ತು ವರ್ಷ ಅವರು ತಳ್ಳಿದ ಗಾಡಿ. ಅವರು ಅದರ ಕಡೆ ನೋಡಲಿಲ್ಲ. ನನ್ನ ಹೊಟ್ಟೆಯಲ್ಲಿ ಯಾರೋ ಹಗ್ಗ ಹಿಡಿದು ಕೆಳಗೆ ಜಗ್ಗಿದಂತಿತ್ತು.

ನಡುಸೇತುವೆಗೆ ಬಂದಾಗ ಸ್ಕೂಟರಿನ ಸದ್ದು. ತಿಪ್ಪೇಶ ಸ್ಕೂಟರನ್ನು ನೆಲಕ್ಕೆ ಬಿಟ್ಟು ಓಡಿಬಂದ. ಸೇತುವೆಯ ಮೊದಲ ಚಪ್ಪಡಿಗೆ ಒಂದು ಮೊಳ ಇರುವಾಗ ನಿಂತ. ಅವನೊಂದು ಕಾಲಿಟ್ಟರೆ ಸಾಕಿತ್ತು. ಅಷ್ಟು ನೀರೂ ಇಳಿದುಹೋಗುತ್ತಿತ್ತು, ನಾವು ಒಣ ಕಲ್ಲಿನ ಮೇಲೆ ನಡೆದುಕೊಂಡು ಹೋಗುತ್ತಿದ್ದೆವು. ಚಾ ಅಂಗಡಿಯವನೇ ಕೂಗಿದ, ‘ಇಡೋ ಕಾಲು! ನಿಮ್ಮವ್ವ ಸಾಯ್ತಾಳೆ, ಇಡು!’

‘ಅವ್ವಾ’ ಎಂದು ತಿಪ್ಪೇಶ ಕೂಗಿದ, ‘ತಿರುಗು! ಈ ಕಡೆ ತಿರುಗಿದ್ರೆ ಇಡ್ತೀನಿ!’

ಅತ್ತೆ ನಿಂತರು. ನೀರು ಅವರ ಎದೆಗಿತ್ತು. ಇಲ್ಲಿಗೆ ಮುಗಿಯಿತು, ಇವರು ತಿರುಗುತ್ತಾರೆ ಎಂದುಕೊಂಡೆ. ಆ ಗಳಿಗೆಯಲ್ಲಿ ನನಗೂ ತಿರುಗಬೇಕೆನ್ನಿಸಿತು. ಅಷ್ಟು ಹೆದರಿದ್ದೆ.

‘ಕಾಲಿಟ್ಟು ಎಲ್ಲಿಗೆ ಕರ್ಕೊಂಡು ಹೋಗ್ತೀಯಪ್ಪ?’ ಎಂದು ಅವರು ತಲೆ ಮಾತ್ರ ತಿರುಗಿಸಿ ಕೇಳಿದರು. ಜೋರಾಗಿ ಕೂಗಲಿಲ್ಲ, ನೀರಿನ ಮೇಲೆ ಮಾತು ತಾನೇ ಹೋಯಿತು.

‘ಮನೆಗೆ!’

ಅವರು ಮುಖ ಆ ದಡದ ಕಡೆಗೆ ತಿರುಗಿಸಿದರು. ‘ನಡಿ’ ಎಂದರು ನನಗೆ.

ಮುಂದಿನ ಹೆಜ್ಜೆಗಳು ನನಗೆ ಸರಿಯಾಗಿ ನೆನಪಿಲ್ಲ. ನೀರು ನನ್ನ ಎದೆಗೆ ಬಂತು. ಅತ್ತೆಯ ಕುತ್ತಿಗೆಗೆ, ಗಲ್ಲಕ್ಕೆ. ಅವರು ತಲೆಯನ್ನು ಹಿಂದಕ್ಕೆ ವಾಲಿಸಿ, ಆಕಾಶ ನೋಡುತ್ತ ಮೂಗಿನಿಂದ ಉಸಿರೆಳೆಯುತ್ತಿದ್ದರು. ‘ಅತ್ತೆ, ನನ್ನ ಕತ್ತು ಹಿಡ್ಕೊಳ್ಳಿ’ ಎಂದೆ. ‘ನಿನಗೆ ಭಾರ ಆಗುತ್ತೆ, ಸುಮ್ನೆ ನಡಿ’ ಎಂದರು. ಬಾಯಿಗೆ ನೀರು ಹೋಗಿ ಕೆಮ್ಮಿದರು. ಒಂದು ಕಂಬ. ಇನ್ನೊಂದು. ಮತ್ತೊಂದು. ಆಮೇಲೆ ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

‘ನಿಂತೈತೆ’ ಎಂದರು.

‘ಏನು?’

‘ನೀರು. ಆಗಿಂದ ಇಲ್ಲೇ ಐತೆ.’ ಗಲ್ಲದ ಕೆಳಗೆ ಬೆರಳಿಟ್ಟು ತೋರಿಸಿದರು. ನಾವು ಇನ್ನೂ ಹತ್ತು ಹೆಜ್ಜೆ ಹಾಕಿದೆವು. ನೀರು ಒಂದು ಬೆರಳಿನಷ್ಟೂ ಏರಲಿಲ್ಲ. ನೆಲ ತಪ್ಪಲಿಲ್ಲ, ಸೆಳೆತವೂ ಇರಲಿಲ್ಲ.

‘ಇಷ್ಟೇನಾ?’ ಎಂದರು ಅತ್ತೆ. ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ಅಂಥ ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ. ‘ಇಷ್ಟೇನಾ ಇದು? ಇಷ್ಟಕ್ಕೇನಾ?’ ಎಂದು ನೀರನ್ನು ಅಂಗೈಯಿಂದ ಹೊಡೆದರು. ಎರಡು ಸಲ, ಮೂರು ಸಲ ಹೊಡೆದರು. ಆಮೇಲೆ ನನ್ನನ್ನು ತಳ್ಳಿಕೊಂಡು ನಡೆದರು.

ಆ ದಡದಲ್ಲಿ ಯಾರೋ ಆಟೋ ತಂದರು. ಆಸ್ಪತ್ರೆಯಲ್ಲಿ ಕನ್ನಡಕದ ಹೆಣ್ಣು ಡಾಕ್ಟರೊಬ್ಬರು ನನ್ನನ್ನು ಮೇಜಿನ ಮೇಲೆ ಮಲಗಿಸಿ, ಸೊಂಟದ ಕಂದನ್ನು ಬೆರಳಿನಿಂದ ಮುಟ್ಟಿ ಕೇಳಿದರು, ‘ಇದು ಹೆಂಗಾಯ್ತು?’

‘ಜಾರಿ ಬಿದ್ದೆ’ ಎಂದೆ. ಯಾಕೆ ಹಾಗಂದೆನೋ. ಅಷ್ಟು ನೀರು ದಾಟಿ ಬಂದ ಮೇಲೂ ಬಾಯಿಗೆ ಮೊದಲು ಬಂದದ್ದು ಆ ಮಾತು.

ಮೂಲೆಯಲ್ಲಿ ಅತ್ತೆ ನಿಂತಿದ್ದರು. ಅವರ ಸೀರೆಯಿಂದ ನೀರು ಸೋರಿ ಕಾಲಬುಡದಲ್ಲಿ ಮಡುಗಟ್ಟಿತ್ತು. ‘ಸುಳ್ಳು’ ಎಂದರು. ‘ನನ್ನ ಮಗ ಒದ್ದ. ನಾನು ಕಣ್ಣಾರೆ ನೋಡಿದೀನಿ. ಬರಕೊಳ್ರಿ.’

ಡಾಕ್ಟರು ಅವರಿಗೊಂದು ಕುರ್ಚಿ ತರಲು ನರ್ಸಿಗೆ ಹೇಳಿದರು. ಸಂಜೆಯ ಹೊತ್ತಿಗೆ ಠಾಣೆಯಿಂದ ಒಬ್ಬ ಹೆಣ್ಣು ಪೇದೆ ಬಂದಳು. ಅತ್ತೆ ಎಲ್ಲವನ್ನೂ ಹೇಳಿದರು: ಒದ್ದದ್ದು, ಮುದ್ದೆ ಕೇಳಿದ್ದು, ಬೋರ್ಡಿಲ್ಲದ ಮನೆ, ಎರಡು ಪೆನ್ನು, ಕೆಂಪು ಚೀಟಿ. ಕೊನೆಗೆ, ‘ನಾನೂ ಅವಳಿಗೆ ಹೋಗಿ ಬಾ ಅಂದಿದ್ದೆ. ಅದನ್ನೂ ಬರಿ’ ಎಂದರು. ಪೇದೆ ಬರೆಯುವುದು ನಿಲ್ಲಿಸಿ ತಲೆಯೆತ್ತಿದಳು. ‘ಬರಿಯವ್ವ’ ಎಂದು ಹೆಬ್ಬೆಟ್ಟು ಒತ್ತಿದರು.

ರಕ್ತ ನಿಂತಿತು. ಕೂಸು ಉಳಿದಿದೆ, ಆದರೆ ಎರಡು ತಿಂಗಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಕೇಳಿದ್ದು ಒಂದೇ: ‘ಬಿಂದು?’ ಬಿಂದು ಊರಿನ ದಡದಲ್ಲೇ ಇದ್ದಳು. ಶಕುಂತಲಕ್ಕ ಫೋನಿನಲ್ಲಿ, ‘ನನ್ನ ಹತ್ರ ಐದಾಳೆ, ಉಂಡಾಳೆ’ ಎಂದಳು. ಆದರೆ ತಿಪ್ಪೇಶ ಬಂದು ಕೈ ಹಿಡಿದು ಎಳೆದುಕೊಂಡು ಹೋದರೆ ಅವಳೇನು ಮಾಡಿಯಾಳು?

ಮಾರನೆಯ ಬೆಳಿಗ್ಗೆ ಅತ್ತೆ ಒಣಗಿದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಕೂಸನ್ನ ಕರ್ಕೊಂಡು ಬತ್ತೀನಿ. ಅವನಿಗೂ ಹೇಳಿ ಬರಬೇಕು.’

‘ಅವರಿಗೆ ಏನು ಹೇಳೋದೈತೆ ಅತ್ತೆ? ಪೊಲೀಸರು ಹೋಗ್ತಾರೆ. ನೀವು ಹೋಗಬ್ಯಾಡಿ.’

‘ಪೊಲೀಸ್ರು ಹೋಗೋಕೆ ಮುಂಚೆ ನಾನು ಹೋಗ್ಬೇಕು. ನನ್ನ ಮಗ ಅವನು.’

ವಾರ್ಡಿನಲ್ಲಿ ನನ್ನ ಮಂಚದ ಪಕ್ಕದ ಕಿಟಕಿಯಿಂದ ಸೇತುವೆ ಅರ್ಧ ಕಾಣುತ್ತಿತ್ತು. ಒಬ್ಬರೇ ನೀರಿಗಿಳಿದು, ಕೊನೆಗೆ ತಲೆಯಷ್ಟೇ ಕಾಣುವವರೆಗೆ ಹೋದರು. ಗಿರಣಿಯಲ್ಲಿ ನಡೆದದ್ದನ್ನು ನನಗೆ ಶಕುಂತಲಕ್ಕ ಹೇಳಿದಳು. ಅವಳು ಬಾಗಿಲಲ್ಲೇ ನಿಂತಿದ್ದಳಂತೆ. ಅತ್ತೆ ನೇರ ಒಳಗೆ ಹೋಗಿ, ‘ಮೆಷಿನ್ ನಿಲ್ಸು’ ಎಂದರು. ಅವನು ನಿಲ್ಲಿಸಿದ. ಹಿಟ್ಟಿಗೆ ಬಂದ ನಾಲ್ಕು ಜನ ಅಲ್ಲೇ ಇದ್ದರು.

‘ನಿನ್ನ ಹೆಸರು ಬರೆಸಿ ಬಂದೀನಿ. ಇವತ್ತು ಬತ್ತಾರೆ. ಬೆನ್ನ ಹಿಂದೆ ಮಾಡಿದ್ಲು ಅಂತ ಆಗಬಾರದು, ಅದಕ್ಕೆ ಎದುರಿಗೆ ಹೇಳಾಕೆ ಬಂದೆ.’

ತಿಪ್ಪೇಶ ಏನೇನೋ ಕೂಗಾಡಬಹುದು ಎಂದು ಶಕುಂತಲಕ್ಕ ಕಾದಿದ್ದಳು. ಅವನು ರಾಗಿ ಮೂಟೆಯ ಮೇಲೆ ಕೂತುಬಿಟ್ಟ. ‘ಅವ್ವಾ, ನಿನ್ನ ದಾಟಿಸಿದವನು ನಾನು’ ಎಂದ. ‘ಎಂಟು ವರ್ಷದವನಿದ್ದೆ. ನೆನಪೈತಾ ನಿನಗೆ?’

‘ನೆನಪೈತೆ’ ಎಂದರು ಅತ್ತೆ. ‘ಅದಕ್ಕೇ ಇಷ್ಟು ವರ್ಷ ಸುಮ್ನಿದ್ದೆ.’

ಅಲ್ಲಿಂದ ಹೊರಬಂದು ಬಿಂದುವಿನ ಕೈ ಹಿಡಿದರು. ಆದರೆ ಅಷ್ಟು ನೀರಿನಲ್ಲಿ ಕೂಸನ್ನು ಹೆಗಲ ಮೇಲೆ ಹೊತ್ತರೆ ತಲೆ ಹಿಂದಕ್ಕೆ ವಾಲಿಸಲಾಗದೆ ಅವರೇ ಮುಳುಗುತ್ತಿದ್ದರು. ಸೇತುವೆಯ ಬಾಯಿಯಲ್ಲಿ ಒಂದು ಗಳಿಗೆ ಯೋಚಿಸುತ್ತ ನಿಂತರು. ಶಕುಂತಲಕ್ಕ ನಮ್ಮ ಓಣಿಯ ಎತ್ತರದ ಹೆಂಗಸು. ಅವಳ ಗಂಡ ಚಾ ಅಂಗಡಿಯ ಮುಂದೆಯೇ ಕೂತಿದ್ದ. ಕೇಳಿದ್ದರೆ ಬಹುಶಃ ಜೊತೆಗೆ ಬರುತ್ತಿದ್ದ, ಒಳ್ಳೆಯವನೇ. ಅವಳು ಕೇಳಲಿಲ್ಲ. ಚಪ್ಪಲಿ ಬಿಟ್ಟು, ಬಿಂದುವನ್ನು ಎತ್ತಿ ಕುತ್ತಿಗೆಯ ಮೇಲೆ ಕೂರಿಸಿಕೊಂಡು ನೀರಿಗಿಳಿದಳು. ‘ನನಗೂ ಎಲ್ಲೀವರೆಗೆ ಬರುತ್ತೋ ನೋಡಾಣ ಅನ್ನಿಸ್ತು’ ಎಂದಳು ನನಗೆ ಆಮೇಲೆ. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಬಂದರು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ನೀರಿನ ಮೇಲೆ ನಾಲ್ಕು ತಲೆ, ಅವುಗಳ ಮೇಲೆ ನನ್ನ ಮಗಳು, ಶಕುಂತಲಕ್ಕನ ಜಡೆಯನ್ನು ಎರಡೂ ಕೈಯಲ್ಲಿ ಲಗಾಮಿನಂತೆ ಹಿಡಿದು ಕೂತಿದ್ದಳು.

ಪೊಲೀಸರು ಅದೇ ದಿನ ತಿಪ್ಪೇಶನನ್ನು ಕರೆದೊಯ್ದರು. ಆ ಡಾಕ್ಟರು ಬೋರ್ಡಿಲ್ಲದ ಮನೆಗೆ ಬೀಗ ಹಾಕಿ ಓಡಿದ್ದವನು ಎರಡು ವಾರಕ್ಕೆ ಸಿಕ್ಕಿಬಿದ್ದ. ತಿಪ್ಪೇಶ ಜಾಮೀನಿನ ಮೇಲೆ ಹೊರಬಂದಿದ್ದಾನೆ, ಕೇಸು ನಡೆಯುತ್ತಿದೆ. ಊರಿನಲ್ಲಿ ಅತ್ತೆಗೆ ಛೀ ಎಂದವರೇ ಹೆಚ್ಚು. ರುದ್ರೇಶ ಎದುರು ಸಿಕ್ಕರೆ ರಸ್ತೆ ಬದಲಿಸುತ್ತಾನೆ. ನಾವು ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದಿದ್ದೇವೆ. ಶಾಲೆಯವರು ಮತ್ತೆ ಬಾ ಎಂದಿದ್ದಾರೆ. ಹೊಳೆ ತನ್ನ ಚಾಳಿ ಬಿಟ್ಟಿಲ್ಲ, ಇವತ್ತಿಗೂ ಏರುತ್ತದೆ. ಹೆಂಗಸರು ಒಣ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆಯ ಮೇಲೆ ಇಟ್ಟುಕೊಂಡು ಬರುತ್ತಾರೆ, ನಾಲ್ಕೈದು ಜನ ಸೇರಿ. ಎಲ್ಲರೂ ಬರುವುದಿಲ್ಲ. ಬಂದವರಿಗೆ ಬಟ್ಟೆ ಬದಲಿಸಲು ನಮ್ಮ ಕೋಣೆಯಲ್ಲಿ ಒಂದು ಪರದೆ ಕಟ್ಟಿದ್ದೇವೆ.

ನಾವು ಹೊಳೆ ದಾಟಿ ಬಂದ ಐದು ತಿಂಗಳಿಗೆ, ಒಂದು ಬುಧವಾರ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು. ನರ್ಸು ಕೂಸನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟಳು. ಅಷ್ಟು ತಿಂಗಳಲ್ಲಿ ಅತ್ತೆ ಒಂದು ದಿನವೂ ಅತ್ತಿರಲಿಲ್ಲ. ಪೇದೆಗೆ ಬರೆಸುವಾಗ ಅಳಲಿಲ್ಲ, ಮಗನಿಗೆ ಬೇಡಿ ಹಾಕಿದ್ದನ್ನು ಯಾರೋ ವರ್ಣಿಸಿದಾಗಲೂ ಅಳಲಿಲ್ಲ. ಈಗ ಕಿಟಕಿಯ ಬೆಳಕಿಗೆ ಕೂಸಿನ ಮುಖ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

‘ಹೆಂಗೈತೆ ಅತ್ತೆ?’ ಎಂದೆ.

‘ತಿಪ್ಪೇಶನ ಮೂಗು ಕಣೆ’ ಎಂದರು. ‘ಹುಟ್ಟಿದಾಗ ಹಿಂಗೇ ಇದ್ದ. ಥೇಟ್ ಹಿಂಗೇ.’

ಅಷ್ಟು ಹೇಳಿ, ಕೂಸನ್ನು ಎದೆಗೆ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ನಾನು ಸುಮ್ಮನಿರಿ ಅನ್ನಲಿಲ್ಲ.